ಒಂದು ಸೈಜು ದೊಡ್ಡದು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಶಿವಾಜಿನಗರದ ಯೂನಿಫಾರಂ ಅಂಗಡಿಗಳಲ್ಲಿ ಒಂದೇ ಮಾತು ಬೆಳಗಿನಿಂದ ರಾತ್ರಿಯವರೆಗೆ ಕೇಳಿಸುತ್ತಿರುತ್ತದೆ: ‘ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಕೊಡಿ.’ ಕನ್ನಡ, ತಮಿಳು, ಉರ್ದು ಮೂರರಲ್ಲೂ ಈ ಮಾತಿಗೆ ಒಂದೇ ಧಾಟಿ. ಪ್ಯಾಂಟಿನ ತುದಿಯನ್ನು ಎರಡು ಅಂಗುಲ ಒಳಕ್ಕೆ ಮಡಚಿ ಹೊಲಿಸಿದರೆ ಮುಂದಿನ ವರ್ಷಕ್ಕೂ ಆಯಿತು. ಬೂಟಿನ ಮೂತಿಗೆ ಒಂದಿಷ್ಟು ಹತ್ತಿ ತುರುಕಿದರೆ ದೀಪಾವಳಿಯ ಹೊತ್ತಿಗೆ ಕಾಲು ತಾನಾಗಿಯೇ ತುಂಬಿಕೊಳ್ಳುತ್ತದೆ. ಮಧ್ಯಮ ವರ್ಗದ ಮನೆಗಳು ನಡೆದು ಬಂದಿರುವುದೇ ಈ ಲೆಕ್ಕಾಚಾರದ ಮೇಲೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಡಿಲ ಅಂಗಿ ತೊಟ್ಟು ಯಾರ ಕೈಯೂ ಮುರಿದಿಲ್ಲ.

ರಸೆಲ್ ಮಾರ್ಕೆಟ್ಟಿಗೆ ಐದು ನಿಮಿಷದ ದಾರಿಯಲ್ಲಿರುವ ಅಂಥದೊಂದು ಅಂಗಡಿಯ ಯಜಮಾನರು ಇಪ್ಪತ್ತು ವರ್ಷಗಳಿಂದ ಈ ಮಾತನ್ನು ಕೇಳಿಸಿಕೊಳ್ಳುತ್ತಾ ಬಂದವರು. ಗಿರಾಕಿ ಹೇಳದಿದ್ದರೆ ತಾವೇ ಹೇಳಿಕೊಡುವವರು. ಅವರ ಮಗ ಎಂಟನೇ ಕ್ಲಾಸು, ಹದಿಮೂರು ವರ್ಷ. ಉಳಿದ ಹುಡುಗರಿಗೆ ಕ್ರಿಕೆಟ್ ಹೇಗೋ ಇವನಿಗೆ ಮಣ್ಣಿನ ಬೈಕು ಹಾಗೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 110 ಸಿ.ಸಿ.ಯ ಪುಟ್ಟ ಡರ್ಟ್ ಬೈಕು ಮನೆಯ ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿನ ಪಕ್ಕ, ಹಳೆಯ ಬೆಡ್‌ಶೀಟ್ ಹೊದ್ದು ಮಲಗಿರುತ್ತದೆ. ಭಾನುವಾರ ಬೆಳಿಗ್ಗೆ ಐದಕ್ಕೆ ಪರಿಚಯದವರ ಟೆಂಪೋ ಬಂದು ಅದನ್ನು ಹೇರಿಕೊಳ್ಳುತ್ತದೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರ ದಾಟಿ, ಹಳೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಯಾಚೆಗಿನ ಒಂದು ಮಣ್ಣಿನ ಟ್ರ್ಯಾಕಿಗೆ ಹೋಗಿ ಇಳಿಸುತ್ತದೆ. ಬಿಸಿಲೇರುವ ಹೊತ್ತಿಗೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದ ಹುಡುಗ, ಬೈಕು, ಅಪ್ಪ ಮೂವರೂ ವಾಪಸು.

ಟೆಂಪೋ ಏಕೆ, ಓಡಿಸಿಕೊಂಡೇ ಹೋಗಬಾರದೆ ಎಂದು ಕೇಳುವವರಿದ್ದಾರೆ. ಹೋಗಬಾರದು. ಇಂಥ ಬೈಕುಗಳಿಗೆ ನಂಬರ್ ಪ್ಲೇಟ್ ಇರುವುದಿಲ್ಲ. ಇವು ರಸ್ತೆಗಾಗಿ ಮಾಡಿದವಲ್ಲ. ಹುಡುಗನಿಗೂ ರಸ್ತೆಯ ವಯಸ್ಸಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರಿನ ಬೈಕಿಗೆ ಹದಿನೆಂಟು ತುಂಬಿರಬೇಕು, 50 ಸಿ.ಸಿ. ಮೀರದ್ದಾದರೆ ಹದಿನಾರು. 2019ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತ ವಯಸ್ಸಿನವರು ರಸ್ತೆಯಲ್ಲಿ ತಪ್ಪೆಸಗಿದರೆ ಅದು ಪೋಷಕರ ಅಥವಾ ವಾಹನದ ಒಡೆಯರ ತಲೆಗೆ ಬರುತ್ತದೆ: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಲ್ಲಿಯ ತಿರುವಿನವರೆಗೆ ತಾನೇ ಎಂದು ಬಂಡಿಯ ಬೀಗದ ಕೈ ಕೊಡುವ ತಂದೆತಾಯಿಗಳು ಇದನ್ನೊಮ್ಮೆ ಜೋರಾಗಿ ಓದಿಕೊಳ್ಳುವುದು ಒಳ್ಳೆಯದು. ಈ ಮನೆಯಲ್ಲಿ ಆ ವಿಷಯ ಮೊದಲ ದಿನವೇ ಇತ್ಯರ್ಥವಾಗಿತ್ತು. ಬೇಲಿಯೊಳಗೆ ಬೈಕು, ಬೇಲಿಯಾಚೆ ಬಿ.ಎಂ.ಟಿ.ಸಿ.

ತಕರಾರು ಎದ್ದದ್ದು ಬೇರೆ ಕಾರಣಕ್ಕೆ. ಇಂದಿರಾನಗರದ ಹುಡುಗನೊಬ್ಬ 125ಕ್ಕೆ ಏರಿದ್ದರಿಂದ ಅವನ 85 ಸಿ.ಸಿ.ಯ ಬೈಕು ಮಾರಾಟಕ್ಕಿತ್ತು. ಬೆಲೆ ಸುಲಭ. ಭಾನುವಾರದೊಳಗೆ ಹೇಳಿದರೆ ಇವರಿಗೆ, ಇಲ್ಲವಾದರೆ ಕಾದಿರುವ ಇನ್ನೊಬ್ಬರಿಗೆ. ಹುಡುಗ ಊಟ ಬಿಟ್ಟ. ‘ಅಪ್ಪ, ಜೊತೇಲಿರೋರೆಲ್ಲಾ 85ರಲ್ಲಿದ್ದಾರೆ. ನಾನೊಬ್ಬನೇ ಈ ಮಗು ಗಾಡೀಲಿ.’

ಅಪ್ಪನಿಗೆ ಮೊದಲು ಹೊಳೆದ ಪ್ರಶ್ನೆ ಯಾವ ತಂದೆಗಾದರೂ ಹೊಳೆಯುವಂಥದ್ದೇ. ಇರುವುದು 110, ಕೇಳುತ್ತಿರುವುದು 85. ಇದು ದೊಡ್ಡದಕ್ಕೆ ಹೋಗುವುದು ಹೇಗಾಯಿತು?

ಬೆಂಗಳೂರಿನ ಮನೆಗಳಲ್ಲಿ ಇದನ್ನು ವಿವರಿಸಲು ಒಂದು ಹಳೆಯ ಉದಾಹರಣೆ ಕೈಗೆ ಸಿಗುತ್ತದೆ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಯಾವುದಾದರೊಬ್ಬ ಚಿಕ್ಕಪ್ಪನ ಬಳಿ ಇದ್ದೇ ಇತ್ತು. ಅದರ ಎಂಜಿನ್ 98 ಸಿ.ಸಿ. ಮನೆಮನೆಯ ಸ್ಪ್ಲೆಂಡರ್ 97. ಸಂಖ್ಯೆಯಲ್ಲಿ ಅಣ್ಣತಮ್ಮಂದಿರು. ಆದರೆ ಆರ್‌ಎಕ್ಸ್‌ನದು 11 ಅಶ್ವಶಕ್ತಿ, ಸ್ಪ್ಲೆಂಡರಿನದು ಎಂಟರ ಒಳಗೆ. ಮೊದಲನೆಯದು ಟೂ ಸ್ಟ್ರೋಕ್, ಎರಡನೆಯದು ಫೋರ್ ಸ್ಟ್ರೋಕ್. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕು ಸುತ್ತಿದಷ್ಟು ಸಲವೂ ಕಿಡಿ ಹಾರುತ್ತದೆ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಸಿ.ಸಿ. ಎಂಬುದು ಪಾತ್ರೆಯ ಅಳತೆಯೇ ಹೊರತು ಒಲೆಯ ಉರಿಯದಲ್ಲ.

ಮಣ್ಣಿನ ಬೈಕುಗಳಲ್ಲಿ ಈ ವ್ಯತ್ಯಾಸ ಇನ್ನೂ ಕಡು. ಅಲ್ಲಿ ಎರಡು ಬೇರೆ ಬೇರೆ ಏಣಿಗಳಿವೆ. ಒಂದು ಕಲಿಕೆಯ, ಕಾಡುಹಾದಿಯ ಸೌಮ್ಯ ಏಣಿ. 110, 140, 230 ಹೀಗೆ, ಎಲ್ಲವೂ ಫೋರ್ ಸ್ಟ್ರೋಕ್. ಇನ್ನೊಂದು ಮೋಟೋಕ್ರಾಸ್ ರೇಸಿನ ಏಣಿ. 50, 65, 85, 125, ಆಮೇಲೆ 250 ಮತ್ತು 450. ಈ ಹುಡುಗನ 110ರ ಶಕ್ತಿ ಏಳು ಅಶ್ವಶಕ್ತಿಯ ಆಸುಪಾಸು. ನಾಲ್ಕು ಗೇರು, ಕೈಯಲ್ಲಿ ಹಿಡಿಯುವ ಕ್ಲಚ್ಚೇ ಇಲ್ಲ. ಅವನು ಕೇಳುತ್ತಿದ್ದ 85 ತೂಕದಲ್ಲಿ ಇದಕ್ಕಿಂತ ಹಗುರವೇ, ಆದರೆ ಶಕ್ತಿ ಮೂರು ಪಟ್ಟಿಗೂ ಮೇಲೆ. ಆರು ಗೇರು, ಕೈ ಕ್ಲಚ್ಚು, ಸೀಟು ಸುಮಾರು ಅರ್ಧ ಅಡಿ ಎತ್ತರ. ಅದೂ ಆ ಶಕ್ತಿ ನೀರಿನ ನಲ್ಲಿಯಂತೆ ತಿರುಗಿಸಿದಷ್ಟೇ ಬರುವುದಿಲ್ಲ. ಎಂಜಿನ್ ಒಂದು ವೇಗ ಮುಟ್ಟುವವರೆಗೆ ಗೊಣಗುತ್ತಿದ್ದು, ಅದನ್ನು ದಾಟಿದ ಕೂಡಲೇ ಕಟ್ಟಿದ ಹೋರಿಯ ಹಗ್ಗ ಬಿಚ್ಚಿದಂತೆ ಮುನ್ನುಗ್ಗುತ್ತದೆ. ಸವಾರರು ಇದನ್ನು ಪವರ್ ಬ್ಯಾಂಡ್ ಎನ್ನುತ್ತಾರೆ. ಟೂ ಸ್ಟ್ರೋಕಿಗೆ ಇನ್ನೊಂದು ಗುಣವಿದೆ. ಕೈ ಸಡಿಲಿಸಿದರೆ ಎಂಜಿನ್ ತಾನಾಗಿ ಅಷ್ಟಾಗಿ ತಡೆಯುವುದಿಲ್ಲ. ಬ್ರೇಕು ಹಿಡಿಯುವವನ ಮೇಲೆಯೇ ಪೂರ್ತಿ ಭಾರ. 110ರಿಂದ 85ಕ್ಕೆ ಹೋಗುವುದೆಂದರೆ ಮೇಲಿನ ಮೆಟ್ಟಿಲಿಗೆ ಕಾಲಿಡುವುದಲ್ಲ, ಒಂದು ಏಣಿಯ ಕೆಳಗಿನಿಂದ ಇನ್ನೊಂದರ ನಡುವಿಗೆ ಹಾರುವುದು.

ಆದರೂ ಅಪ್ಪನ ಮನಸ್ಸು ವಾಲಿತ್ತು. ಬೆಲೆ ಸುಲಭ, ಹುಡುಗ ಬೆಳೆಯುತ್ತಿದ್ದಾನೆ, ಇವತ್ತಲ್ಲ ನಾಳೆ ಬೇಕಾಗುವುದೇ. ಇಪ್ಪತ್ತು ವರ್ಷದ ವ್ಯಾಪಾರ ಕಲಿಸಿದ ಬುದ್ಧಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎಂಟನೇ ಕ್ಲಾಸಿನವರಿಗೆ ಹನ್ನೊಂದನೆಯದರ ಗಣಿತ ಹೇಳಿಕೊಡುವ ಕೋಚಿಂಗ್ ಕ್ಲಾಸುಗಳು ತುಂಬಿ ತುಳುಕುತ್ತಿರುವ ಊರಿನಲ್ಲಿ ಒಂದು ಸೈಜು ದೊಡ್ಡ ಬೈಕು ಕೊಳ್ಳುವ ತಂದೆಯೊಬ್ಬರನ್ನೇ ದೂರುವುದೂ ಸರಿಯಲ್ಲ.

ಅಮ್ಮ ಒಪ್ಪಲಿಲ್ಲ. ಆಕೆ ನರ್ಸು. ಮೂಳೆ ವಾರ್ಡಿನಲ್ಲಿ ಅನೇಕ ವರ್ಷ ಕೆಲಸ ಮಾಡಿದವರು. ಹುಡುಗನ ಮಣಿಕಟ್ಟನ್ನು ಹಿಡಿದು ಗಂಡನಿಗೆ ತೋರಿಸಿದರು. ‘ನೋಡಿ, ಇಲ್ಲಿ, ಮೂಳೆ ತುದಿ ಹತ್ರ, ಇನ್ನೂ ಬೆಳೆಯೋ ಜಾಗ ಇದೆ. ಅದು ಗಟ್ಟಿಯಾಗೋಕೆ ಇನ್ನೂ ಕೆಲವು ವರ್ಷ ಬೇಕು. ನಮ್ಮ ಕೈ ಮುರಿದ್ರೆ ಕಟ್ಟು ಹಾಕ್ತಾರೆ, ಕೂಡುತ್ತೆ. ಇವನಿಗೆ ಸರಿಯಾಗಿ ಇಲ್ಲೇ ಪೆಟ್ಟು ಬಿದ್ರೆ ಆ ಕೈ ಬೆಳೆಯೋದೇ ನಿಂತು ಹೋಗಬಹುದು.’ ಆಕೆ ಹೇಳಿದ್ದು ಹೆದರಿಸುವ ಮಾತಲ್ಲ. ಎಳೆಯ ಮೂಳೆಯ ಎರಡೂ ತುದಿಗಳಲ್ಲಿರುವ ಮೃದುವಾದ ಬೆಳವಣಿಗೆಯ ಪಟ್ಟಿಯ ವಿಷಯ. ಹುಡುಗಿಯರಲ್ಲಿ ಅದು ಸ್ವಲ್ಪ ಬೇಗ, ಹುಡುಗರಲ್ಲಿ ಸ್ವಲ್ಪ ತಡವಾಗಿ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ ಹದಿನಾರು ತುಂಬದವರಿಗೆ ಇಂಥ ಮೋಟಾರು ವಾಹನಗಳೇ ಬೇಡ ಎನ್ನುತ್ತದೆ. ಆ ಮಾತನ್ನು ಪೂರ್ತಿ ಪಾಲಿಸುವುದಾದರೆ ಈ ಮನೆಯ ಮೆಟ್ಟಿಲ ಕೆಳಗೆ ನೀರಿನ ಡ್ರಮ್ಮು ಮಾತ್ರ ಇರಬೇಕಾಗಿತ್ತು. ಅಮ್ಮನಿಗೂ ಅದು ಗೊತ್ತು. ಎರಡು ವರ್ಷದ ಹಿಂದೆ ಆಕೆ ಹೂಂ ಎಂದಿದ್ದು ಹೆಲ್ಮೆಟ್, ಎದೆಕವಚ, ಮೊಣಕಾಲಿನ ಗಾರ್ಡು, ಬೂಟು ಎಲ್ಲವನ್ನೂ ಬೈಕಿಗಿಂತ ಮೊದಲು ಕೊಳ್ಳಬೇಕೆಂಬ ಕರಾರಿನ ಮೇಲೆ. ಅವನ್ನು ಸರಿಯಾದ ಸೈಜಿಗೇ ಕೊಳ್ಳಲಾಯಿತು ಎಂಬುದನ್ನು ಇಲ್ಲಿ ಹೇಳಬೇಕು. ಸಡಿಲ ಹೆಲ್ಮೆಟ್ ಹೆಲ್ಮೆಟ್ಟೇ ಅಲ್ಲ.

ಆಕೆಯ ಮನಸ್ಸಿನಲ್ಲಿ ಇನ್ನೊಂದು ದಿನವೂ ಇತ್ತು. 2023ರ ಆಗಸ್ಟ್ 5. ಅಂದು ಚೆನ್ನೈ ಬಳಿಯ ರೇಸ್ ಟ್ರ್ಯಾಕಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಪ್ರತಿಭಾವಂತ ಸವಾರನೊಬ್ಬ ಬಿದ್ದು ತೀರಿಕೊಂಡ. ಅದು ಡಾಂಬರಿನ ಟ್ರ್ಯಾಕು, ಬೇರೆ ಬಗೆಯ ಬೈಕು, ಬೇರೆ ಬಗೆಯ ಸ್ಪರ್ಧೆ. ಅದಕ್ಕೂ ಈ ಮನೆಯ 85ರ ಪ್ರಶ್ನೆಗೂ ನೇರ ಸಂಬಂಧ ಹಚ್ಚುವುದು ಆ ಮಗುವಿಗೂ ಅವನನ್ನು ಬೆಳೆಸಿದವರಿಗೂ ಅನ್ಯಾಯ ಮಾಡಿದಂತೆ. ಆದರೆ ಹದಿಮೂರು ಎಂಬ ಸಂಖ್ಯೆ ಒಬ್ಬ ತಾಯಿಯ ಕಿವಿಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ಯಾರೂ ತರ್ಕದಿಂದ ತಿದ್ದಲಾಗದು.

ಹೀಗೆ ಮನೆಯಲ್ಲಿ ಎರಡು ಮತಗಳಾದಾಗ ಅಪ್ಪ ಹೋದದ್ದು ಗುಜರಿಯ ಪಕ್ಕದ ಮೇಸ್ತ್ರಿಯ ಬಳಿಗೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗಾಡಿಯ ಯಾವ ಭಾಗವೂ ಸಿಗುತ್ತದೆ ಎಂಬ ಪ್ರತೀತಿ ಇಡೀ ಊರಿಗೆ ಗೊತ್ತಿರುವುದೇ. ಬಾಗಿಲುಗಳು ಒಂದು ಕಡೆ, ದೀಪಗಳು ಒಂದು ಕಡೆ, ರಾಶಿ ರಾಶಿ ಗೇರ್ ಬಾಕ್ಸುಗಳು ಇನ್ನೊಂದು ಕಡೆ. ಅಲ್ಲಿಯೇ ಬೆಳೆದ ಮೇಸ್ತ್ರಿ ಯಾವ ಎಂಜಿನ್ನಾದರೂ ಶಬ್ದದಲ್ಲೇ ಗುರುತಿಸಬಲ್ಲ. ಹುಡುಗನ 110ರ ಚೈನು, ಆಯಿಲ್ಲು ಎಲ್ಲವೂ ಅವನ ಕೈಯಲ್ಲೇ. ಅಪ್ಪ ವಿಷಯ ಹೇಳಿ, ‘ಬೆಳೆಯೋ ಹುಡುಗ ಅಲ್ವಾ ಭಾಯ್’ ಎಂದರು. ಮೇಸ್ತ್ರಿ ಕೈಗೆ ಮೆತ್ತಿದ ಗ್ರೀಸನ್ನು ವೇಸ್ಟಿಗೆ ಒರೆಸಿಕೊಳ್ಳುತ್ತಾ ಅಂದ: ‘ಅಣ್ಣ, ಇದು ಪ್ಯಾಂಟ್ ಅಲ್ಲ. ಮಡಚಿ ಹೊಲಿಗೆ ಹಾಕಕ್ಕಾಗಲ್ಲ.’

ಅವನು ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಆ 85ನ್ನು ಒಂದು ಭಾನುವಾರದ ಮಟ್ಟಿಗೆ ಎರವಲು ಕೇಳಿ, ತಾನೂ ಟ್ರ್ಯಾಕಿಗೆ ಬರುತ್ತೇನೆ ಎಂದ. ಬೈಕು ಕೊಡುವವರೂ ಒಳ್ಳೆಯವರು, ಒಪ್ಪಿದರು.

ಆ ಬೆಳಿಗ್ಗೆ ಮೇಸ್ತ್ರಿ ಹುಡುಗನಿಗೆ ಓಡಿಸಲು ಕೊಡುವ ಮೊದಲು ಬೈಕನ್ನು ನೆಲಕ್ಕೆ ಮಲಗಿಸಿ ಎತ್ತು ಎಂದ. ಎತ್ತಿದ. ಕಿಕ್ ಹೊಡಿ ಎಂದ. ನಾಲ್ಕನೆಯದಕ್ಕೆ ಎಂಜಿನ್ ಹೊತ್ತಿತು. ಕೂತು ಎರಡೂ ಕಾಲು ನೆಲಕ್ಕೆ ಊರು ಎಂದಾಗ ಹೆಬ್ಬೆರಳುಗಳ ತುದಿ ಮಾತ್ರ ತಾಗಿತು. ಮಣ್ಣಿನ ಬೈಕಿನಲ್ಲಿ ಎರಡೂ ಪಾದ ಚಪ್ಪಟೆಯಾಗಿ ಊರಬೇಕೆಂದೇನೂ ಇಲ್ಲ. ನಿಂತಾಗ ಒಂದು ಪಾದ ಭದ್ರವಾಗಿ ಸಿಕ್ಕರೂ ಸಾಕು. ಹುಡುಗ ಸೀಟಿನ ಅಂಚಿಗೆ ಜಾರಿ ಒಂದು ಪಾದವನ್ನು ಹೇಗೋ ಊರಿದ. ಅಷ್ಟಕ್ಕೆ ಪಾಸು ಎಂದು ಅಪ್ಪ ತಿಳಿದರು. ಮೇಸ್ತ್ರಿ ಮಾತ್ರ ಮೊಬೈಲಿನ ಸ್ಟಾಪ್‌ವಾಚ್ ತೆಗೆದ.

ಮೊದಲು ದಿನನಿತ್ಯದ 110ರಲ್ಲಿ ಐದು ಸುತ್ತು. ಆಮೇಲೆ 85ರಲ್ಲಿ ಅಭ್ಯಾಸಕ್ಕೆಂದು ಹತ್ತು ಸುತ್ತು, ಸ್ವಲ್ಪ ವಿಶ್ರಾಂತಿ, ಮತ್ತೆ ಅಳತೆಯ ಐದು ಸುತ್ತು. ಹುಡುಗ ಹೆಲ್ಮೆಟ್ ತೆಗೆದಾಗ ಮುಖವೆಲ್ಲ ನಗು. ‘ಅಪ್ಪ, ಎಷ್ಟು ಫಾಸ್ಟ್ ಗೊತ್ತಾ!’ ಮೇಸ್ತ್ರಿ ಮೊಬೈಲನ್ನು ಅಪ್ಪನ ಮುಂದೆ ಹಿಡಿದ. 85ರಲ್ಲಿ ಪ್ರತಿ ಸುತ್ತಿಗೂ ಎರಡು ಮೂರು ಸೆಕೆಂಡು ಹೆಚ್ಚೇ ಹಿಡಿದಿತ್ತು.

ಇದರಲ್ಲಿ ಮಾಯವೇನಿಲ್ಲ. ನೇರ ದಾರಿಯಲ್ಲಿ ಅವನು ನಿಜವಾಗಿಯೂ ವೇಗವಾಗಿ ಹೋಗಿದ್ದ. ಕಿವಿಗೂ ಎದೆಗೂ ತಾಗಿದ್ದು ಆ ವೇಗ. ಆದರೆ ಪ್ರತಿ ತಿರುವಿಗೂ ಹದಿನೈದಿಪ್ಪತ್ತು ಅಡಿ ಮೊದಲೇ ಕೈ ಸಡಿಲಿಸುತ್ತಿದ್ದ. ತಿರುವಿನೊಳಗೆ ಕ್ಲಚ್ಚು ಹಿಡಿದು ಸುಮ್ಮನೆ ತೇಲುತ್ತಿದ್ದ. ಹೊರಬರುವಾಗ ಪವರ್ ಬ್ಯಾಂಡ್ ಎಲ್ಲಿ ಎದ್ದುಬಿಡುತ್ತದೋ ಎಂದು ಒಂದು ಗೇರು ಮೇಲೆಯೇ ಇಟ್ಟುಕೊಂಡಿದ್ದ. ಕೊನೆಯ ಎರಡು ಸುತ್ತಿನಲ್ಲಿ ಮುಂಗೈ ಕಲ್ಲಿನಂತೆ ಬಿಗಿದು ಬ್ರೇಕಿನ ಮೇಲೆ ಬೆರಳು ನಿಲ್ಲುತ್ತಿರಲಿಲ್ಲ. ಹಿಡಿಯನ್ನು ಪ್ರಾಣ ಹಿಡಿದುಕೊಂಡಂತೆ ಹಿಡಿಯುವವನಿಗೆ ಆಗುವುದೇ ಇದು. ಬೈಕು ಹುಡುಗನನ್ನು ಓಡಿಸುತ್ತಿತ್ತು. ಸಣ್ಣದರಲ್ಲಿ ಅವನು ಬೈಕನ್ನು ಓಡಿಸುತ್ತಿದ್ದ.

ಈ ಆಟದಲ್ಲಿ ಎತ್ತರ ಹತ್ತಿದವರ ಕಡೆ ನೋಡಿದರೂ ದೊಡ್ಡ ಎಂಜಿನ್ನೇ ದೊಡ್ಡಸ್ತಿಕೆ ಎಂಬ ನಂಬಿಕೆ ನಿಲ್ಲುವುದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ, 36ನೆಯವರಾಗಿ ಬಂದರು. 2021ರಲ್ಲಿ ಅದೇ ರ‍್ಯಾಲಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡು, ಸಾವಿನ ಬಾಗಿಲಿನಿಂದ ಹಿಂದಿರುಗಿದರು. ಕೋಲಾರದ ಬಳಿ ಬಿಗ್ ರಾಕ್ ಎಂಬ ತರಬೇತಿ ತಾಣವನ್ನು ಕಟ್ಟಿದವರೂ ಅವರೇ. ಆ ಡಕಾರ್‌ನಲ್ಲಿ ಒಂದು ಕಾಲಕ್ಕೆ 900 ಸಿ.ಸಿ.ಗೂ ಮೀರಿದ ಭಾರೀ ಬೈಕುಗಳು ಓಡುತ್ತಿದ್ದವು. 2011ರಿಂದ ಅಲ್ಲಿ 450 ಸಿ.ಸಿ. ದಾಟುವಂತಿಲ್ಲ. ಜಗತ್ತಿನ ಅತ್ಯಂತ ಕಠಿಣ ರ‍್ಯಾಲಿಯೇ ಸೈಜು ಇಳಿಸಿಕೊಂಡಿತು. ಅಲ್ಲಿ ಓಡಿಸುವವರು ಬೆಳೆದು ನಿಂತ ವಯಸ್ಕರು.

ಹಾಗೆಂದು ಸಣ್ಣ ಬೈಕಿನಲ್ಲೇ ಹುಡುಗನನ್ನು ಕಟ್ಟಿಹಾಕುವುದೂ ತಪ್ಪೇ. ತೀರಾ ಚಿಕ್ಕದಾದ ಬೈಕು ಅದರದೇ ರೀತಿಯಲ್ಲಿ ಬೀಳಿಸುತ್ತದೆ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತಾಗ ಹ್ಯಾಂಡಲ್ ತೊಡೆಗೆ ಬಂದರೆ, ತಿರುವಿನಲ್ಲಿ ಮೊಣಕಾಲಿಗೆ ಬಡಿದರೆ, ಬೆನ್ನು ಬಾಗಿ ಗೂನಾದರೆ, ಸಣ್ಣ ಜಿಗಿತಕ್ಕೂ ಮುಂದಿನ ಶಾಕ್ ಅಬ್ಸಾರ್ಬರ್ ‘ಠಣ್’ ಎಂದು ತಳ ಮುಟ್ಟಿದರೆ ಬೈಕು ಸಾಕು ಎನ್ನುತ್ತಿದೆ ಎಂದರ್ಥ. ಕೊನೆಯ ಗೇರಿನಲ್ಲಿ ಪೂರ್ತಿ ತಿರುಗಿಸಿ, ಇನ್ನೂ ಇಲ್ಲವಲ್ಲ ಎಂದು ಕಾಯುವ ಜಾಗಗಳು ಟ್ರ್ಯಾಕಿನಲ್ಲಿ ಹೆಚ್ಚುತ್ತಾ ಹೋದರೆ ಅದೂ ಲಕ್ಷಣವೇ. ಆದರೆ ಆ ಜಾಗಗಳು ತಿರುವಿನಾಚೆಗೂ ಇರಬೇಕು, ನೇರ ದಾರಿಯಲ್ಲಿ ಮಾತ್ರವಲ್ಲ. ನೇರ ದಾರಿಯಲ್ಲಿ ಎಲ್ಲರಿಗೂ ಬೈಕು ಸಣ್ಣದೇ.

ಮೇಸ್ತ್ರಿ ಈ ಲಕ್ಷಣಗಳಲ್ಲಿ ಎರಡು ಮೂರನ್ನು 110ರಲ್ಲಿ ಕಂಡಿದ್ದ. ಹುಡುಗನ ದೂರು ಪೂರಾ ಸುಳ್ಳಾಗಿರಲಿಲ್ಲ. ಹಾಗಾಗಿ ಎರಡು ಕೆಲಸ ಹೇಳಿದ. ಹ್ಯಾಂಡಲ್ಲಿನ ಬುಡಕ್ಕೆ ತುಂಡು ಕೊಟ್ಟು ಒಂದೂವರೆ ಅಂಗುಲ ಎತ್ತರಿಸುವುದು, ಮುಂದಿನ ಶಾಕ್‌ನ ಸ್ಪ್ರಿಂಗನ್ನು ಗಡುಸಾದದ್ದಕ್ಕೆ ಬದಲಿಸುವುದು. ಇಷ್ಟರಿಂದ ಒಂದು ಸೀಜನ್ ಸಿಗುತ್ತದೆ. ಎರಡನೆಯದು, ಟ್ರ್ಯಾಕಿನಲ್ಲೇ ಬಾಡಿಗೆಗೆ ಸಿಗುವ 140ರಲ್ಲಿ ತಿಂಗಳಿಗೆ ಎರಡು ಭಾನುವಾರ ಕೈ ಕ್ಲಚ್ಚಿನ ಅಭ್ಯಾಸ. ಕ್ಲಚ್ಚು, ಗೇರು, ಬ್ರೇಕು ಮೂರೂ ಕೈಕಾಲಿಗೆ ಮರೆತುಹೋದಷ್ಟು ರೂಢಿಯಾದ ಮೇಲೆ ಏಣಿ ಬದಲಿಸುವ ಮಾತು. ಪವರ್ ಬ್ಯಾಂಡನ್ನೂ ಕ್ಲಚ್ಚನ್ನೂ ಒಂದೇ ದಿನ ಕಲಿಯಲು ಹೊರಟಿದ್ದೇ ಅವನ ಕಷ್ಟ ಎಂಬುದು ಮೇಸ್ತ್ರಿಯ ಅಭಿಪ್ರಾಯ. ಅದು ಸರಿ ಎಂದೇ ತೋರುತ್ತದೆ.

ಹುಡುಗ ಎರಡು ದಿನ ಮಾತಾಡಲಿಲ್ಲ. ಇಂದಿರಾನಗರದ 85 ಕಾದಿದ್ದ ಇನ್ನೊಬ್ಬರ ಪಾಲಾಯಿತು. ಅಷ್ಟು ಸುಲಭ ಬೆಲೆಗೆ ಮತ್ತೆ ಸಿಗಲಾರದು. ಅಪ್ಪನಿಗೆ ಆ ನೋವು ಇನ್ನೂ ಇದೆ. ಮೂರನೆಯ ದಿನ ಹುಡುಗ ತಾನಾಗಿಯೇ ಮೇಸ್ತ್ರಿಯ ಹತ್ತಿರ ಹೋಗಿ ಹ್ಯಾಂಡಲ್ ಎತ್ತರಿಸಿಕೊಂಡು ಬಂದ. ತಿರುವಿನಲ್ಲಿ ತಾನು ಮೊದಲೇ ಕೈ ಬಿಟ್ಟಿದ್ದು ಅವನಿಗೆ ಸ್ಟಾಪ್‌ವಾಚ್ ನೋಡುವುದಕ್ಕಿಂತ ಮೊದಲೇ ಗೊತ್ತಿತ್ತಂತೆ. ಇದನ್ನು ಅವನು ಹೇಳಿದ್ದು ಅಮ್ಮನಿಗೆ ಮಾತ್ರ.

ಈಗ ಮನೆಯಲ್ಲಿ ಬೇರೆ ತಕರಾರು. ಒಂಬತ್ತು ವರ್ಷದ ತಂಗಿಗೆ ಅಣ್ಣನ ಪಠ್ಯಪುಸ್ತಕ, ಅಣ್ಣನ ಸೈಕಲ್ಲು ಬಂದಂತೆ ಅಣ್ಣನ 110 ಬರಬೇಕಾಗಿದೆ. ಅವನು ಏರುವವರೆಗೆ ಅವಳು ಹತ್ತುವಂತಿಲ್ಲ. 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳೆಯರ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯ ಚಿತ್ರ ಅವಳ ಡೆಸ್ಕಿನ ಮೇಲೆ ಅಂಟಿಕೊಂಡಿದೆ. ಭಾನುವಾರ ಟ್ರ್ಯಾಕಿನಲ್ಲಿ ಸ್ಟಾಪ್‌ವಾಚ್ ಹಿಡಿಯುವ ಕೆಲಸವನ್ನು ಅವಳೇ ಕೇಳಿ ಪಡೆದಿದ್ದಾಳೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ 110, 140 ಎಂದು ಎರಡು ಸಾಲು ಗೀಟು ಹಾಕಿ ಪ್ರತಿ ಸುತ್ತನ್ನೂ ಬರೆಯುತ್ತಾಳೆ. ಮೊನ್ನೆ 140ರ ಸಾಲಿನಲ್ಲಿ ಮೊದಲ ಬಾರಿಗೆ ಅರ್ಧ ಸೆಕೆಂಡು ಕಡಿಮೆ ಬಂತು. ಅವಳು ಕೆಂಪು ಪೆನ್ನಿನಲ್ಲಿ ಅದರ ಸುತ್ತ ಸೊನ್ನೆ ಬರೆದು ಮೇಸ್ತ್ರಿಗೆ ತೋರಿಸಿದಳು. ಮೇಸ್ತ್ರಿ ಹಾಳೆಯನ್ನೂ ಅವಳ ಮುಖವನ್ನೂ ಒಮ್ಮೆ ನೋಡಿ, ‘ಮುಂದಿನ ವಾರ ವಾಚು ನಾನು ಹಿಡೀತೀನಿ ಪಾಪಾ’ ಎಂದ.